ತೋಟದ ಮೀಟರು ಕಾರಿನೊಳಗೆ ಹೋದದ್ದು

ಅರವತ್ತೆಂಟು ದಾಟಿದ ಮೇಲೆ ನನಗೆ ಒಂದು ಮೀಟರಿನ ಮೇಲೆ ಹೊಟ್ಟೆಕಿಚ್ಚು ಹುಟ್ಟಿತು. ನೆರೆಮನೆಯವಳ ಸೀರೆ, ತಂಗಿಯ ಬೋರ್‌ವೆಲ್ಲಿನ ನೀರು, ವಾರಗಿತ್ತಿಯ ಕೈಯ ಹೋಳಿಗೆ, ಇವುಗಳ ಮೇಲೆಲ್ಲ ಹೊಟ್ಟೆಕಿಚ್ಚು ಪಟ್ಟು ಮುಗಿಸಿದ್ದೆ. ಇನ್ನೇನೂ ಉಳಿದಿಲ್ಲ ಅಂದುಕೊಂಡಿರುವಾಗ ಗಂಗಾವತಿಯ ಬೀಗರು ನನ್ನ ಮೊಮ್ಮಗಳಿಗೆ ಮೀಟರು ಕಳಿಸುತ್ತೇನೆ ಅಂದರು.

ಮೊಮ್ಮಗಳು ನೀಲಾ ಕಾರು ಓಡಿಸುತ್ತಾಳೆ. ಕೊಪ್ಪಳಕ್ಕೆ ಹೋಗಿ ಬರುವಂತೆ ಓಡಿಸುವುದಲ್ಲ. ಮಣ್ಣಿನ ಬಯಲಲ್ಲಿ ಧೂಳು ಬಿಟ್ಟು ಬೇರೇನೂ ಕಾಣದ ಹಾಗೆ, ಗಡಿಯಾರ ಹಿಡಿದು ಓಡಿಸುವ ಓಟ. ಡಿಪ್ಲೊಮಾ ಓದಿದ ಹುಡುಗಿ ಹಳೆಯ ಕಾರೊಂದನ್ನು ತಂದು, ಕುಷ್ಟಗಿಯ ನಮ್ಮ ದಾಳಿಂಬೆ ತೋಟದ ಶೆಡ್ಡಿನಲ್ಲಿ ಬಿಚ್ಚಿ, ಹಿಂದಿನ ಸೀಟು ಕಿತ್ತು, ಒಳಗೆ ಕಬ್ಬಿಣದ ಪಂಜರ ಕಟ್ಟಿಸಿದಳು. ಅದರೊಳಗೆ ಅವಳು ಹೆಲ್ಮೆಟ್ ಹಾಕಿ ಕೂತರೆ ನನಗೆಷ್ಟು ಸಂತೋಷ ಅಂದರೆ, ಹಾದಿಯಲ್ಲಿ ಹೋಗುವ ಹಾಲಿನವನನ್ನೂ ಕರೆದು ತೋರಿಸುತ್ತಿದ್ದೆ. ಅವನು ಈಗ ಬೇರೆ ಹಾದಿ ಹಿಡಿದಿದ್ದಾನೆ.

ಓಟಕ್ಕೆ ಹತ್ತು ದಿನ ಇರುವಾಗ ಕಾರಿಗೆ ರೋಗ ಬಂತು. ನಿಂತಾಗ ಚೆನ್ನಾಗಿ ಗುರುಗುಡುತ್ತದೆ, ಜೋರಾಗಿ ಓಡಿಸಿದರೆ ಮಾತ್ರ ಏದುಸಿರು ಬಿಡುತ್ತದೆ. ಇಂಜಿನ್ನಿಗೆ ಪೆಟ್ರೋಲು ಬೇಕಾದಷ್ಟು ಒತ್ತಡದಿಂದ ಬರುತ್ತಿಲ್ಲವೇನೋ ಎಂದು ನೀಲಾಗೆ ಅನುಮಾನ. ಓಡುವ ಕಾರಿನ ಬಾನೆಟ್ ತೆಗೆದು ನೋಡಲಾಗದು. ಕೂತಲ್ಲಿಂದಲೇ ಕಾಣುವ, ಒತ್ತಡ ತೋರಿಸುವ ಮೀಟರು ಬೇಕು. ಈ ಸಂಗತಿಯನ್ನು ಅವಳು ಹೇಳಿದ್ದು ಎದುರಿಗೇ ಕೂತಿದ್ದ ನನಗಲ್ಲ. ಫೋನ್ ಹಚ್ಚಿ ತನ್ನ ತಾಯಿಯ ತಂದೆಗೆ. ಅವರು ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಂಡಿದ್ದವರು.

“ಮೀಟರ್ ನಾ ಕಳಸ್ತೀನಿ, ನೀಲವ್ವ. ನೀ ಚಿಂತಿ ಮಾಡಬ್ಯಾಡ” ಅಂದರು. ಫೋನಿನ ದನಿ ದೊಡ್ಡದಾಗಿತ್ತು. ನನಗೆ ಕೇಳಲಿ ಅಂತಲೇ ಹಾಗೆ ಅಂದರೆಂದು ನನಗೆ ಈಗಲೂ ಅನುಮಾನವಿದೆ.

ನಾನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು. ಪತ್ರಿಕೆ ಓದಲು ಅರ್ಧ ದಿನ ಬೇಕು. ಆದರೆ ಮೀಟರಿನ ಮುಳ್ಳನ್ನು ಓದಲು ನನಗೆ ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ದಿನಾ ಬೆಳಿಗ್ಗೆ ಚಹಾಕ್ಕಿಂತ ಮೊದಲು ನಾನು ನೋಡುವುದು ಹನಿ ನೀರಾವರಿಯ ಮೀಟರನ್ನೇ. ಗಂಗಾವತಿಯವರಿಗೆ ಕಾಲುವೆಯ ಬಾಗಿಲು ಎತ್ತಿದರೆ ಗದ್ದೆ ತುಂಬ ನೀರು. ಒಂದೊಂದು ಹನಿಯನ್ನೂ ಒತ್ತಡ ನೋಡಿ ಬಿಡುವವರು ನಾವು. ನಮ್ಮ ಮನೆಗೆ ಅವರು ಮೀಟರು ಕಳಿಸುವುದೆಂದರೆ ಏನರ್ಥ?

ಮರುದಿನ ನೀಲಾ ಟೈರು ತರಲು ಕೊಪ್ಪಳಕ್ಕೆ ಹೋದಳು. ಮೀಟರು ಜೋಡಿಸಲೆಂದು ಅವಳೇ ಪೆಟ್ರೋಲ್ ಪೈಪಿಗೆ ಒಂದು ಕವಲು ಕೂಡಿಸಿ ಬಿರಡೆ ಹಾಕಿಟ್ಟಿದ್ದಳು. ನಾನು ತೋಟದ ಮೀಟರು ಬಿಚ್ಚಿದೆ. ದಾಳಿಂಬೆಗೆ ಔಷಧ ಹೊಡೆಯುವ ಪಂಪಿನ ಪೈಪು ಎರಡು ಮೊಳ ಕತ್ತರಿಸಿದೆ. ಒಂದು ತುದಿಯನ್ನು ಕವಲಿಗೆ ಬಿಗಿದು, ಇನ್ನೊಂದನ್ನು ಇಂಜಿನ್ನಿನ ಹಿಂದಿನ ತೂತಿನಿಂದ ಕಾರಿನೊಳಗೆ ತಂದು, ಸ್ಟೇರಿಂಗಿನ ಪಕ್ಕ ಮೀಟರು ಕೂರಿಸಿದೆ. ಚಾವಿ ತಿರುಗಿಸುವುದನ್ನು ಅವಳೇ ಕಲಿಸಿದ್ದಳು. ತಿರುಗಿಸಿದೆ. ಇಂಜಿನ್ ಗುರುಗುಟ್ಟಿತು, ಮುಳ್ಳು ಎದ್ದು ಮೂರರ ಮೇಲೆ ನಿಂತಿತು. ಬೀಗರ ಮೀಟರು ಇನ್ನೂ ಗಂಗಾವತಿಯನ್ನೇ ಬಿಟ್ಟಿರಲಿಲ್ಲ. ನಾನು ಸೀಟಿನಲ್ಲಿ ಕಾಲು ಚಾಚಿ ಕೂತೆ.

ನೀಲಾ ಬಂದವಳೇ ಕಾರಿನ ಹತ್ತಿರ ಮೂಗು ಅರಳಿಸಿದಳು. ಕೈ ಒಳಗೆ ಹಾಕಿ ಚಾವಿ ಬಂದ್ ಮಾಡಿದಳು.

“ಅಮ್ಮಾ, ಇಳಿ ಮೊದಲ.” ನಮ್ಮಲ್ಲಿ ತಾಯಿಗೆ ಅವ್ವ, ಅಜ್ಜಿಗೆ ಅಮ್ಮ.

ಇಳಿದೆ.

“ಇದನ್ನ ಯಾರು ಮಾಡಿದ್ರು?”

“ಮತ್ಯಾರು? ಗಂಗಾವತಿಯಿಂದ ಬಂದು ಮಾಡ್ಯಾರೇನು?”

ಅವಳು ನಗಲಿಲ್ಲ. ಮೀಟರಿನ ಬುಡದಲ್ಲಿ ಬೆರಳು ಒರೆಸಿ ನನ್ನ ಮೂಗಿಗೆ ಹಿಡಿದಳು. ಪೆಟ್ರೋಲು. ಪೈಪು ಆಗಲೇ ಮೆತ್ತಗಾಗಿತ್ತು.

“ತೋಟದಾಗ ಈ ಪೈಪ್ ಸೋರಿದ್ರ ಏನಾಗತೈತಿ?”

“ಕೆಸರಾಗತೈತಿ.”

“ಇಲ್ಲಿ ಸೋರಿದ್ರ? ಇಲ್ಲಿ ನಾ ಕುಂದರ್ತೀನಮ್ಮಾ, ಬೆಲ್ಟ್ ಬಿಗದು. ಪಟ್ನ ಎದ್ದು ಬರಾಕ ಆಗಂಗಿಲ್ಲ.”

ಅವಳು ಬ್ಯಾಟರಿಯ ತಂತಿ ಬಿಚ್ಚಿ, ಪೈಪು ತೆಗೆದು, ಕವಲಿಗೆ ಬಿರಡೆ ಹಾಕಿ, ನಾಲ್ಕೂ ಬಾಗಿಲು ತೆರೆದಿಟ್ಟಳು. ಕೊನೆಗೆ ಅಂದಳು: “ಇನ್ನ ಮ್ಯಾಲ ನನ್ನ ಕೇಳ್ದೆ ಕಾರಿಗೆ ಕೈ ಹಚ್ಚಬ್ಯಾಡ.”

ಎರಡು ದಿನ ನಾನು ಶೆಡ್ಡಿನ ಕಡೆ ಹೋಗಲಿಲ್ಲ. ಊಟಕ್ಕೆ ಕೂತರೂ ಆ ಒದ್ದೆ ಬೆರಳು ಕಣ್ಣ ಮುಂದೆ. ಬೀಗರಿಗಿಂತ ಮೊದಲು ಕೊಡಬೇಕು ಅನ್ನುವ ಆತುರದಲ್ಲಿ, ಯಾರ ಸಲುವಾಗಿ ಕೊಡುತ್ತಿದ್ದೆನೋ ಅವಳ ಮಡಿಲಿಗೇ ಬೆಂಕಿ ಇಡಲು ಹೊರಟಿದ್ದೆ. ಹೊಟ್ಟೆಕಿಚ್ಚು ಅನ್ನುವ ಮಾತು ನಾನು ಸಾವಿರ ಸಲ ಆಡಿರಬಹುದು. ಅದರಲ್ಲಿ ಕಿಚ್ಚು ಇದೆಯೆಂದು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಬೀಗರ ಮೀಟರು ಬಂತು. ತಾವೇ ಹಿಡಿದುಕೊಂಡು ಬಂದರು, ಅದೂ ಇಸ್ತ್ರಿ ಅಂಗಿ ತೊಟ್ಟು. ನಾನು ದೂರದಿಂದಲೇ ನೋಡಿದೆ. ಹೆಬ್ಬೆರಳಿನಷ್ಟು ಹಿತ್ತಾಳೆ ತುಂಡೊಂದು ಇಂಜಿನ್ನಿನ ಬಳಿಯೇ ಕೂತಿತು. ಅಲ್ಲಿಂದ ಒಳಕ್ಕೆ ಬಂದದ್ದು ಬರೀ ತಂತಿ. ತಂತಿಯ ತುದಿಗೆ ಮೀಟರು. ಪೆಟ್ರೋಲು ಹೊರಗೇ ಉಳಿಯಿತು, ಅದರ ಸುದ್ದಿ ಮಾತ್ರ ಒಳಗೆ ಬಂತು. ನೋಡುತ್ತ ನನಗೆ ನಮ್ಮ ಡಾಕ್ಟರ ನೆನಪಾಯಿತು. ನನ್ನ ರಕ್ತದ ಒತ್ತಡ ನೋಡಲು ಅವರು ತೋಳಿಗೆ ಪಟ್ಟಿ ಸುತ್ತುತ್ತಾರೆಯೇ ಹೊರತು ರಕ್ತವನ್ನು ತಮ್ಮ ಮೇಜಿನ ಮೇಲೆ ಹರಿಸಿಕೊಳ್ಳುವುದಿಲ್ಲ. ಇಷ್ಟು ಸಣ್ಣ ಸಂಗತಿ ಹೊಳೆಯಲು ನನಗೆ ಬೀಗರೇ ಬರಬೇಕಾಯಿತು. ಅದಕ್ಕೂ ಹೊಟ್ಟೆ ಉರಿಯಿತು.

ಓಡಿಸಿ ನೋಡಲೆಂದು ಯಲಬುರ್ಗಾದ ಹಾದಿಯ ಬಯಲಿಗೆ ಮೂವರೂ ಹೋದೆವು. ನೀಲಾ ನಾಲ್ಕು ಸುತ್ತು ಹೊಡೆದು ಬಂದಳು. “ನಿಂತಾಗ ಮೂರು ಐತಿ. ಜೋರ್ ಬಿಟ್ರ ಒಂದಕ್ಕ ಇಳೀತೈತಿ.”

“ಪಂಪ್ ಹೋಗೈತಿ. ಹೊಸಾದು ತರಸೋಣ” ಅಂದರು ಬೀಗರು.

ನೀಲಾ ನನ್ನ ಕಡೆ ತಿರುಗಿದಳು. “ನೀ ಏನಂತಿ ಅಮ್ಮಾ?”

ಎರಡು ದಿನದಿಂದ ಕಾದದ್ದು ಆ ಮಾತಿಗೇ ಇರಬೇಕು. ಬಾನೆಟ್ಟಿನ ಕಡೆ ಬೆರಳು ಮಾಡಿದೆ. “ಪೆಟ್ರೋಲಿನ ಜಾಳಿಗಿ ಬಿಚ್ಚು. ತೋಟದಾಗ ಎಲ್ಲಾ ಗಿಡಕ್ಕ ಒಮ್ಮೆಲೆ ನೀರು ಬಿಟ್ಟಾಗ ಮುಳ್ಳು ಹಿಂಗ ಬಿತ್ತಂದ್ರ, ಫಿಲ್ಟರಿನಾಗ ಕಸಾ ಕುಂತಿರತೈತಿ.”

ಇಂಜಿನ್ ಪೂರ್ತಿ ಆರಿದ ಮೇಲೆ ಅವಳು ಫಿಲ್ಟರು ಬಿಚ್ಚಿ ಡಬ್ಬಿಗೆ ಬಗ್ಗಿಸಿದಳು. ಹಳೆಯ ಟ್ಯಾಂಕಿನ ತುಕ್ಕೆಲ್ಲ ರಾಗಿ ಅಂಬಲಿಯ ಹಾಗೆ ಇಳಿಯಿತು. ಜೊತೆಗಿದ್ದ ಹೊಸ ಫಿಲ್ಟರು ಹಾಕಿ ಮತ್ತೆ ನಾಲ್ಕು ಸುತ್ತು. ಮುಳ್ಳು ಮೂರು ಬಿಟ್ಟು ಅಲುಗಲಿಲ್ಲವಂತೆ. ನೀಲಾ ಇಳಿದು ಬಂದು ನನ್ನ ತೋಳು ಹಿಡಿದು ನಿಂತಳು.

ಬೀಗರು ಒಬ್ಬರೇ ಕಾರಿನ ಕಿಟಕಿಯಲ್ಲಿ ಬಗ್ಗಿ ಮೀಟರನ್ನು ನೋಡುತ್ತಿದ್ದರು. ಮೇಲೆದ್ದು, ಅಂಗಿಯ ಧೂಳು ಜಾಡಿಸಿ, ಯಾರನ್ನೂ ನೋಡದೆ ಕೇಳಿದರು: “ಮೀಟರ್ ಸರಿ ತೋರಿಸ್ತಲ್ಲ?” ನೀಲಾ ಹೂಂ ಅಂದಳು. ಸ್ವಲ್ಪ ಹೊತ್ತಿಗೆ ಮತ್ತೆ ನನ್ನ ಹತ್ತಿರ ಬಂದು, “ಅಲ್ರಿ ಅಕ್ಕಾರ, ಮೀಟರ್ ಇರಲಿಲ್ಲಂದ್ರ ಮುಳ್ಳು ಬೀಳೂದು ಗೊತ್ತಾಗತಿದ್ದಿಲ್ಲ, ಹೌದಿಲ್ಲೋ?” ಅಂದರು.

ಆ ದನಿ ನನಗೆ ಚೆನ್ನಾಗಿ ಗೊತ್ತು. ಇಷ್ಟು ದಿನವೂ ಅದು ನನ್ನ ಗಂಟಲಲ್ಲೇ ಇತ್ತು. ಅದು ಇನ್ನೊಬ್ಬರ ಬಾಯಿಂದ ಬಂದಾಗ ಎಷ್ಟು ಪಾಪ ಅನಿಸುತ್ತದೆ ಎಂದು ಮಾತ್ರ ಗೊತ್ತಿರಲಿಲ್ಲ.

“ಹೌದ್ರಿ ಬೀಗರ. ಭಾಳ ಛಲೋ ಮೀಟರ್ ತಂದೀರಿ” ಅಂದೆ.

ಅವರ ಮುಖ ಅರಳಿತು. ಅಷ್ಟೊಂದು ಅರಳಬೇಕಾಗಿರಲಿಲ್ಲ.