ಸ್ಪಾದ ಸದ್ದು ನಿಂತಿತು, ಮಾವನವರೂ ನಿಂತರು

ಹೋದ ತಿಂಗಳು ಒಂದು ಮಂಗಳವಾರ, ಅರ್ಧ ದಿನವನ್ನು ನಾನು ಒಂದು ಸದ್ದಿಗೆ ಹೆಸರು ಹುಡುಕುವುದರಲ್ಲಿ ಕಳೆದೆ.

ಕೈಯಲ್ಲಿ ಇಂಗ್ಲಿಷ್ ಪುಸ್ತಿಕೆ. ಎದುರಿಗೆ ನಮ್ಮ ಹಿತ್ತಲಿನ ಸ್ವಿಮ್ ಸ್ಪಾ. ಪುಸ್ತಿಕೆಯ ಕೊನೆಗೆ ‘ಟ್ರಬಲ್‌ಶೂಟಿಂಗ್’ ಎಂದು ಒಂದು ಪುಟ. ಹಮ್ಮಿಂಗ್ ಬಂದರೆ ಹೀಗೆ ಮಾಡಿ, ಗರ್ಗ್ಲಿಂಗ್ ಬಂದರೆ ಹಾಗೆ ಮಾಡಿ, ರಂಬ್ಲಿಂಗ್ ಬಂದರೆ ಹೀಟರ್ ನೋಡಿ, ಗ್ರೈಂಡಿಂಗ್ ಬಂದರೆ ಕೂಡಲೇ ಬಂದ್ ಮಾಡಿ. ಸರಿ. ಆದರೆ ನಮ್ಮದರಲ್ಲಿ ಬರುತ್ತಿದ್ದದ್ದು ಯಾವುದು? ಕಿವಿಗೊಟ್ಟು ಕೇಳಿದೆ. ನಾಲ್ಕೂ ಇದ್ದಂತಿತ್ತು.

(ಕಾನ್ವೆಂಟಿನಲ್ಲಿ ಓದಿದವಳು ಎಂಬ ಒಂದೇ ಕಾರಣಕ್ಕೆ ಮನೆಯ ಇಂಗ್ಲಿಷ್ ಕಾಗದವೆಲ್ಲ ನನ್ನ ಕೈಗೇ ಬರುತ್ತದೆ. ಸಿಸ್ಟರುಗಳು ನಮಗೆ ಫೋರ್ಕ್ ಹಿಡಿಯುವುದನ್ನು ಕಲಿಸಿದರು. ಪಂಪು ಎಷ್ಟು ಬಗೆಯಲ್ಲಿ ನರಳುತ್ತದೆ ಎಂದು ಹೇಳಿಕೊಡಲಿಲ್ಲ.)

ಸ್ವಿಮ್ ಸ್ಪಾ ಅಂದರೆ ಫೈಬರಿನ ಉದ್ದನೆಯ ತೊಟ್ಟಿ. ಹೆಚ್ಚುಕಡಿಮೆ ಟ್ರ್ಯಾಕ್ಟರಿನ ಟ್ರೇಲರಿನಷ್ಟು. ಎದೆಮಟ್ಟ ನೀರು. ಹೀಟರ್ ನೀರನ್ನು ಬೆಚ್ಚಗಿಡುತ್ತದೆ, ಪಂಪು ಎದುರಿನಿಂದ ನೀರನ್ನು ತಳ್ಳುತ್ತಲೇ ಇರುತ್ತದೆ. ಒಳಗಿಳಿದವರು ಎಷ್ಟು ನಡೆದರೂ ಇದ್ದಲ್ಲೇ ಇರುತ್ತಾರೆ. (ಗೃಹಿಣಿಯರಿಗೆ ಇದೇನು ಹೊಸ ಅನುಭವವಲ್ಲ.)

ಮಗ್ಗಗಳ ಊರಾದ ನಮ್ಮ ರಬಕವಿಯಲ್ಲಿ ಇಂಥದ್ದು ಯಾಕೆ ಬೇಕಿತ್ತು? ಮಾವನವರ ಸಲುವಾಗಿ. ಜೀವಮಾನವಿಡೀ ಪವರ್‌ಲೂಮ್ ನಡೆಸಿದ ಮನುಷ್ಯ. ಲಕ್ವಾ ಹೊಡೆದು ಎಡಗಾಲು ಸೋತಿತು. ನೀರಿನಲ್ಲಿ ನಡೆಸಿರಿ, ಆದರೆ ತಡ ಮಾಡಬೇಡಿರಿ, ಈ ವರ್ಷದೊಳಗೆ ಕಾಲಿಗೆ ಎಷ್ಟು ಶಕ್ತಿ ಬರುತ್ತದೋ ಅಷ್ಟೇ ಎಂದರು ಮಿರಜಿನ ಡಾಕ್ಟರು. ನಮ್ಮ ಮನೆಯವರ ಸ್ನೇಹಿತರೊಬ್ಬರ ಇಚಲಕರಂಜಿಯ ಬಂಗಲೆಯಲ್ಲಿ ಈ ತೊಟ್ಟಿ ಸುಮ್ಮನೆ ಬಿದ್ದಿತ್ತು. ಲಾರಿಯಲ್ಲಿ ಬಂತು. ವಾರಂಟಿ ಬರಲಿಲ್ಲ, ಪುಸ್ತಿಕೆ ಬಂತು.

ಡಾಕ್ಟರು ವಿಶ್ರಾಂತಿಯನ್ನೂ ಹೇಳಿದ್ದರು. ಆ ಮಾತು ಹಿಡಿದು, ಮಗ್ಗಗಳಿದ್ದ ಹಳೆಯ ಮನೆ ಬಿಟ್ಟು ಊರ ಹೊರಗಿನ ಈ ಹೊಸ ಪ್ಲಾಟಿಗೆ ಬಂದೆವು. ಇಲ್ಲಿ ಪಕ್ಕದ ಮನೆಯವರು ಬಳೆ ಸರಿಸಿಕೊಂಡರೂ ಕೇಳುತ್ತದೆ.

ಮೊದಮೊದಲು ಮಾವನವರು ಹಣೆಗೆ ವಿಭೂತಿ ಹಚ್ಚಿಕೊಂಡು, ಧೋತರ ಮೇಲಕ್ಕೆ ಕಟ್ಟಿ ನೀರಿಗಿಳಿಯುತ್ತಿದ್ದರು. (ಈಜುಡುಗೆಯ ಮಾತು ತೆಗೆದ ಮಗನನ್ನು ಅವರು ನೋಡಿದ ನೋಟಕ್ಕೆ, ಆ ವಿಷಯ ಅಲ್ಲಿಗೇ ಮುಗಿಯಿತು.) ಸ್ಟೀಲಿನ ಸರಳು ಹಿಡಿದು ಹತ್ತು ಹೆಜ್ಜೆ. ಆಮೇಲೆ ಸಾಕು.

ಸದ್ದು ಶುರುವಾಗಿ ಎರಡು ತಿಂಗಳಾಗಿತ್ತು. ಮೊದಲು ಸಣ್ಣಗೆ ಗುರುಗುಟ್ಟಿತು. ಆಮೇಲೆ ಒಳಗಿನ ಪೈಪು ಅಲುಗಾಡಿ ಫೈಬರ್ ಗೋಡೆಗೆ ಬಡಿಯತೊಡಗಿತು. ಖಟಕ್, ಖಟಕ್. ಮನೆಯವರಿಗೆ ತೋರಿಸಿದೆ. ಅವರು ಸೊಂಟದ ಮೇಲೆ ಕೈಯಿಟ್ಟು ಕೇಳಿದರು. ಮುಖ ಅರಳಿತು.

“ಈಗ ನೋಡು, ಛಲೋ ನಡ್ಯಾಕತ್ತೈತಿ.”

ನಾನು ಮುಧೋಳದ ಮಾಸ್ತರರ ಮಗಳು. ನಮ್ಮಲ್ಲಿ ಫ್ಯಾನು ಕಿರ್ ಎಂದರೂ ಅಪ್ಪ ಎಣ್ಣೆ ಬಿಡುತ್ತಿದ್ದರು. ಮಗ್ಗದ ಮನೆಯವರ ಲೆಕ್ಕ ಬೇರೆ. ಸದ್ದಿದ್ದರೆ ಕೆಲಸ ನಡೆದಿದೆ. ಸದ್ದು ನಿಂತರೆ ಕರೆಂಟು ಹೋಗಿದೆ, ಇಲ್ಲವೇ ಎಳೆ ಹರಿದಿದೆ. ಎದ್ದು ಓಡಬೇಕಾದದ್ದು ಆಗ. ಹಾಗಾಗಿ ಇಡೀ ಮನೆಯಲ್ಲಿ ಆ ಸದ್ದನ್ನು ರೋಗ ಎಂದುಕೊಂಡವಳು ನಾನೊಬ್ಬಳೇ.

ಅದೇ ಹೊತ್ತಿಗೆ ಮಾವನವರ ನಡಿಗೆ ಸುಧಾರಿಸಿತ್ತು. ಹತ್ತು ಹೋಗಿ ಐವತ್ತಾಯಿತು, ನೂರು ದಾಟಿತು. ಅತ್ತೆ ತಮ್ಮ ಹರಕೆಯ ಫಲ ಎಂದರು. ಮನೆಯವರು ಎಣ್ಣೆಯ ಮಾಲೀಸು ಎಂದರು. ನಾನು ಬಾಯಿಬಿಟ್ಟು ಹೇಳಲಿಲ್ಲ, ಆದರೆ ನನ್ನ ಜೋಳದ ಗಂಜಿಯ ಮೇಲೆ ನನಗೂ ನಂಬಿಕೆಯಿತ್ತು.

ಇತ್ತ ನೀರು ಬೆಚ್ಚಗಾಗುವುದೇ ನಿಂತಿತು. ಆ ಮಂಗಳವಾರ ಮೇನ್ ಸ್ವಿಚ್ ಬಂದ್ ಮಾಡಿ, ಪುಸ್ತಿಕೆ ನೋಡುತ್ತ ಫಿಲ್ಟರ್ ಬಿಚ್ಚಿದೆ. ತುಂಬ ಧೋತರದ ಎಳೆ. ಹಿಡಿ ಹಿಡಿಯಾಗಿ ಬಂತು. ತೊಳೆದು ಹಾಕಿದರೂ ಸದ್ದು ಹಾಗೇ ಇತ್ತು. ಪುಣೆಯ ಕಂಪನಿಗೆ ಫೋನ್ ಮಾಡಿದೆ. ಸದ್ದನ್ನು ರೆಕಾರ್ಡ್ ಮಾಡಿ ವಾಟ್ಸ್ಯಾಪಿನಲ್ಲಿ ಕಳಿಸಿ ಎಂದರು. ಕಳಿಸಿದೆ. ನಡುವೆ ಸೀಟಿಯಂಥ ಸದ್ದು ಬರುತ್ತಿದೆ, ಅದೇ ಗಂಭೀರ ಎಂದು ಅಲ್ಲಿಂದ ಉತ್ತರ ಬಂತು. ಅದು ನಮ್ಮ ಕುಕ್ಕರ್.

ಕೊನೆಗೆ ಬಂದವರು ಮಲಿಕ್ ಭಾಯಿ. ಬನಹಟ್ಟಿಯಲ್ಲಿ ಮಗ್ಗದ ಮೋಟಾರು, ಬೋರಿನ ಪಂಪು ರಿಪೇರಿ ಮಾಡುವವರು. ಅವರು ಯಾವ ಪುಟವನ್ನೂ ನೋಡಲಿಲ್ಲ. ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿದರು. ಪಂಪಿನ ಬೇರಿಂಗ್ ಸವೆದಿದೆ ಎಂದರು. ಹೀಟರ್ ಬಿಚ್ಚಿದರೆ ಒಳಗಿನ ಕಡ್ಡಿಗೆ ಬೆರಳು ದಪ್ಪ ಸುಣ್ಣ ಕಟ್ಟಿತ್ತು. ನಳದ ನೀರು ಸಾಲದೆ ಬೋರಿನ ಗಡಸು ನೀರು ತುಂಬಿಸಿದವಳು ನಾನೇ. ಒಪ್ಪಿಕೊಂಡೆ.

ಸುಣ್ಣವನ್ನು ನಿಂಬೆ ಉಪ್ಪಿನ ನೀರಿನಲ್ಲಿ ನೆನೆಸಿ ಬಿಡಿಸಿದರು. ಬೇರಿಂಗ್ ಬದಲಿಸಿದರು. ಪೈಪಿಗೆ ಕ್ಲ್ಯಾಂಪ್ ಬಿಗಿದರು. ಚಾಲೂ ಮಾಡಿ, ನಾನು ಕೊಟ್ಟ ಚಹಾದ ಲೋಟವನ್ನು ಮೋಟಾರಿನ ಮೇಲಿಟ್ಟರು. ಚಹಾದ ಕೆನೆ ಸಹ ನಡುಗಲಿಲ್ಲ. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಎರಡನೇ ಲೋಟ ಚಹಾ ಕೊಟ್ಟೆ.

ಮರುದಿನ ಬೆಳಿಗ್ಗೆ ಮಾವನವರು ಇಳಿದರು. ಸ್ವಿಚ್ ಒತ್ತಿದೆ. ನೀರು ಬೆಚ್ಚಗೆ, ಸುಮ್ಮನೆ ಹರಿಯಿತು. ಅವರು ನಿಂತೇ ಇದ್ದರು.

“ಕರೆಂಟ್ ಹೋತೇನ ಯವ್ವಾ?”

“ಇಲ್ರಿ ಮಾವಾರ, ಚಾಲೂ ಐತಿ.”

ಅವರು ಕೈ ಮುಂದೆ ಚಾಚಿ ನೀರಿನ ರಭಸ ಮುಟ್ಟಿ ನೋಡಿಕೊಂಡರು. ನಾಲ್ಕು ಹೆಜ್ಜೆ ಇಟ್ಟರು. ಐದನೆಯದಕ್ಕೆ ಎಡಗಾಲು ಬರಲಿಲ್ಲ. ಎರಡೂ ಕೈಯಿಂದ ಸರಳು ಹಿಡಿದುಕೊಂಡರು. ಮರುದಿನ ಮೂರೇ ಹೆಜ್ಜೆ. ಅದರ ಮರುದಿನ ಇಳಿಯಲೇ ಇಲ್ಲ. ಕಟ್ಟೆಯ ಮೇಲೆ ಕುಳಿತು ಗೋಡೆಯ ಕಡೆ ಮುಖ ಮಾಡಿದರು.

ಯಾಕೆ? ನೀರಿನ ಬಿಸಿ ಹೆಚ್ಚಾಯಿತೇ? ಮತ್ತೆ ಲಕ್ವಾ? ಡಾಕ್ಟರು ಹೇಳಿದ ವರ್ಷದಲ್ಲಿ ಉಳಿದಿರುವುದು ಮೂರು ತಿಂಗಳು. ನಾನು ಪಕ್ಕದಲ್ಲಿ ಕುಳಿತು ಮೆಲ್ಲಗೆ ಕೇಳಿದೆ. ಗೋಡೆಯನ್ನೇ ನೋಡುತ್ತ ಹೇಳಿದರು.

“ಸಪ್ಪಳಿದ್ದಾಗ ಕಾಲು ತಾನ ಏಳತಿತ್ತು. ನಾ ಎತ್ತತಿದ್ದಿಲ್ಲ.”

ಖಟಕ್ ಎಂದರೆ ಎಡ, ಖಟಕ್ ಎಂದರೆ ಬಲ. ಅಷ್ಟೇ ಆಗಿತ್ತು. ನಾವು ಅವರಿಗೆ ವಿಶ್ರಾಂತಿ ಕೊಡಲು ಮಗ್ಗದಿಂದ ದೂರ ತಂದಿದ್ದೆವು. ಹಾಳು ಪಂಪು ಮಗ್ಗದ ಆ ತಾಳವನ್ನು ಹಿತ್ತಲಿಗೇ ತಂದುಕೊಟ್ಟಿತ್ತು. ಅದನ್ನು ಕಿತ್ತು ಹಾಕಿಸಿ, ಕಿತ್ತವರಿಗೆ ಚಹಾ ಕುಡಿಸಿ ಕಳಿಸಿದವಳು ನಾನು.

ತಲೆ ಕೆಟ್ಟುಹೋಯಿತು. ಸರಿ ಮಾಡಿದ್ದು ತಪ್ಪಾದರೆ, ತಪ್ಪು ಮಾಡಿಸಬೇಕೇ? ಮಲಿಕ್ ಭಾಯಿಗೆ ಫೋನ್ ಮಾಡಿ, ಹಳೆಯ ಬೇರಿಂಗ್ ಮತ್ತೆ ಹಾಕಬಹುದೇ ಎಂದು ಕೇಳಿದೆ.

“ಅಕ್ಕಾರ, ಸಪ್ಪಳ ತಗೀರಿ ಅಂತ ಊರೆಲ್ಲಾ ಕರೀತೈತಿ. ಸಪ್ಪಳ ಹಾಕಿ ಕೊಡ್ರಿ ಅಂದವ್ರು ನೀವ ಮೊದಲ.”

ಆಮೇಲೆ ಗಂಭೀರವಾಗಿ ತಿಳಿಸಿ ಹೇಳಿದರು. ಬೇರಿಂಗ್ ಹಾಗೇ ಬಿಟ್ಟಿದ್ದರೆ ಸೀಲ್ ಒಡೆದು ಮೋಟಾರಿಗೆ ನೀರು ಹೋಗುತ್ತಿತ್ತು. ನೀರಿನಲ್ಲಿ ಮನುಷ್ಯ ನಿಂತಿರುವಾಗ ಅದು ಆಟವಲ್ಲ. ನಾನು ಹೂಂ ಎಂದೆ.

ಹಳೆಯ ಮನೆಗೇ ಹೋಗಿಬಿಡೋಣವೇ? ಈ ತೊಟ್ಟಿ ಆ ಓಣಿಯಲ್ಲಿ ತಿರುಗುವುದಿಲ್ಲ. ಪುಣೆಗೆ ಕಳಿಸಿದ ರೆಕಾರ್ಡಿಂಗ್ ಹಚ್ಚಿ ಫೋನನ್ನು ಕಟ್ಟೆಯ ಮೇಲಿಟ್ಟೆ. ಮಾವನವರು ಇಳಿದರು, ಹೆಜ್ಜೆ ಹಾಕಿದರು. ಅರ್ಧ ನಿಮಿಷಕ್ಕೆ ರೆಕಾರ್ಡಿಂಗ್ ಮುಗಿಯಿತು. ಅವರ ಎಡಗಾಲು ನೀರಿನಲ್ಲಿ ಎತ್ತಿದಂತೆಯೇ ಉಳಿಯಿತು. ನೋಡಲಾಗಲಿಲ್ಲ. ಮತ್ತೆ ಹಚ್ಚಿದರೂ ಅರ್ಧ ನಿಮಿಷಕ್ಕೊಮ್ಮೆ ಇದೇ ಗತಿ.

ಒಳಗೆ ಹೋಗಿ ಲಟ್ಟಣಿಗೆ ಮತ್ತು ಖಾಲಿ ಎಣ್ಣೆಡಬ್ಬಿ ತಂದೆ. ಕಟ್ಟೆಯ ಮೇಲೆ ಕುಳಿತು ಹೊಡೆಯತೊಡಗಿದೆ. ಮಾವನವರು ನನ್ನನ್ನು ನೋಡಿದರು, ಡಬ್ಬಿಯನ್ನು ನೋಡಿದರು. ನಗಲಿಲ್ಲ. ಕಾಲೆತ್ತಿದರು.

ಈಗ ದಿನಾ ಬೆಳಿಗ್ಗೆ ಇದೇ ಕೆಲಸ. ಎದುರು ಮನೆಯ ವೈನಿ, ಏನು ಕುಟ್ಟುತ್ತೀರಿ ಎಂದು ಎರಡು ಸಲ ಕೇಳಿದ್ದಾರೆ. ಶೇಂಗಾ ಚಟ್ನಿ ಎಂದಿದ್ದೇನೆ. ಹೆಜ್ಜೆ ಅರವತ್ತಕ್ಕೆ ಬಂದಿದೆ, ಇನ್ನೂ ನೂರು ಮುಟ್ಟಿಲ್ಲ. ತಪ್ಪು ನನ್ನದೇ ಅಂತೆ. ಅವರ ಎಡಗಾಲು ತಡವಾದಾಗ ನನ್ನ ಕೈಯೂ ತಾನಾಗಿ ತಡೆಯುತ್ತದೆ. ನಿನ್ನೆ ಮಾವನವರು ನೀರಿನಲ್ಲೇ ನಿಂತು ಬೈದರು.

“ನನ್ನ ಕಾಲಿಗೆ ಕಾಯಬ್ಯಾಡ. ಮಗ್ಗ ಯಾರಿಗರೆ ಕಾಯತೈತೇನು?”

ಖರೆ. ಆದರೆ ಕಣ್ಣೆದುರಿಗೇ ಒಂದು ಕಾಲು ಏಳಲು ಒದ್ದಾಡುತ್ತಿರುವಾಗ, ಕಾಯದೆ ಹೊಡೆಯುವುದು ಹೇಗೆ, ನೀವೇ ಹೇಳಿ?