ಏಕಾದಶಿಯ ದಿನದ ಬೆಲ್ಲದ ನೀರು

ಪುಟ್ಟಿ, ಚಿನ್ನು, ನಿಮ್ಮ ತಾತನ ಸಕ್ಕರೆ ಕಾಯಿಲೆಯ ಬಗ್ಗೆ ಕೇಳುತ್ತಲೇ ಇರುತ್ತೀರಿ. ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳಲು ನನಗೆ ಇಂದಿಗೂ ಸಂಕೋಚ. ಅದಕ್ಕೇ ಬರೆಯುತ್ತಿದ್ದೇನೆ.

ನಾವು ಜಯನಗರಕ್ಕೆ ಬಂದಾಗ ಸುತ್ತಲೂ ಖಾಲಿ ಸೈಟುಗಳು. ಮನೆಯಲ್ಲಿ ಫ್ರಿಜ್ ಇರಲಿಲ್ಲ. ಇನ್ಸುಲಿನ್ ಸೀಸೆಯನ್ನು ಒದ್ದೆ ಮರಳಿನ ಮಡಕೆಯಲ್ಲಿಡುತ್ತಿದ್ದೆ. ಬೆಳಿಗ್ಗೆ ಗಾಜಿನ ಸಿರಿಂಜ್ ಕುದಿಸಿ ತಾತನಿಗೆ ಚುಚ್ಚುವುದು ನನ್ನ ಕೆಲಸ. ನಾನು ಹಿಂಜರಿದರೆ ಅವರು, “ಹೂ ಪೋಣಿಸೋ ಸೂಜಿ ಅಂದ್ಕೋ” ಎನ್ನುತ್ತಿದ್ದರು.

ಔಷಧಿ ತಪ್ಪಿಸಬಾರದು ಎಂದು ಡಾಕ್ಟರು ಹೇಳಿದ್ದರು. ಏಕಾದಶಿ ತಪ್ಪಿಸಬಾರದು ಎಂದು ತಾತನ ಹಟ. ನಾವು ಎರಡನ್ನೂ ಪಾಲಿಸಿದೆವು.

ಒಂದು ಏಕಾದಶಿಯ ಬೆಳಿಗ್ಗೆ ಎಂದಿನಂತೆ ಇನ್ಸುಲಿನ್ ಚುಚ್ಚಿದೆ, ಅವರು ಉಪವಾಸವಿದ್ದರು. ಮಧ್ಯಾಹ್ನ ಅವರ ಮೈಯೆಲ್ಲ ಬೆವರಿತು. ಕರೆದರೆ ನನ್ನನ್ನು ಯಾರೋ ಎಂಬಂತೆ ನೋಡಿದರು. ಹಿಂದೊಮ್ಮೆ ಊಟ ತಡವಾದಾಗಲೂ ಹೀಗೇ ಬೆವರಿ, ಉಂಡ ಮೇಲೆ ಸರಿಹೋಗಿದ್ದು ನೆನಪಾಯಿತು. ಬೆಲ್ಲ ಕರಗಿಸಿ ತಂದೆ.

ನಮ್ಮತ್ತೆ ಅಡ್ಡ ನಿಂತರು. “ನೀರೂ ಮುಟ್ಟದ ದಿನ ಬೆಲ್ಲ ಕುಡಿಸ್ತೀಯೇನೇ? ಅದೂ ಸಕ್ಕರೆ ಕಾಯಿಲೆಯೋನಿಗೆ?”

ಅದುವರೆಗೆ ನಾನು ಅವರಿಗೆ ಎದುರಾಡಿದವಳಲ್ಲ. “ಇವರು ಕೈತಪ್ಪಿ ಹೋಗ್ತಾರೆ, ಅತ್ತೆ” ಎಂದೆ.

ಅವರು ಮಗನ ಮುಖ ನೋಡಿದರು. ಕುಳಿತು, ತಲೆಯನ್ನು ತೊಡೆಯ ಮೇಲೆತ್ತಿಕೊಂಡರು. “ಹಾಕು. ಪಾಪ ಏನಿದ್ರೂ ನನಗಿರ್ಲಿ.”

ಚಮಚದಲ್ಲಿ ತೊಟ್ಟು ತೊಟ್ಟಾಗಿ ಹಾಕಿದೆ. ಸ್ವಲ್ಪ ಹೊತ್ತಿಗೆ ತಾತ ಕಣ್ಣರಳಿಸಿ, “ಯಾಕೆ ಇಬ್ರೂ ಅಳ್ತಿದ್ದೀರಿ?” ಎಂದರು.

ಮುಂದೆ ಆಸ್ಪತ್ರೆಗೆ ಹೋದಾಗ, “ನನ್ನ ವ್ರತ ಕೆಡಿಸಿದೋಳು ಇವಳೇ, ಡಾಕ್ಟ್ರೇ” ಎಂದು ನಕ್ಕರು. ಡಾಕ್ಟರು ನಗಲಿಲ್ಲ. “ಇನ್ಸುಲಿನ್ ತಗೊಂಡು ಊಟ ಬಿಟ್ರೆ ಸಕ್ಕರೆ ತೀರಾ ಇಳಿದುಬಿಡುತ್ತೆ. ಉಪವಾಸದ ದಿನ ಏನ್ಮಾಡ್ಬೇಕು ಅಂತ ನಾವು ಹೇಳೇ ಇಲ್ವಲ್ಲ” ಎಂದರು. ಅಂದಿನಿಂದ ಸಕ್ಕರೆ ಕಾಯಿಲೆಯ ಎಲ್ಲ ರೋಗಿಗಳನ್ನೂ ಉಪವಾಸದ ಬಗ್ಗೆ ಕೇಳತೊಡಗಿದರು. ಉಪವಾಸ ಮಾಡುತ್ತೇವೆಂದು ಗಂಡಸರು ಒಪ್ಪಿಕೊಳ್ಳುತ್ತಿರಲಿಲ್ಲ. “ಅಮ್ಮಾ, ನೀವು ಅವರ ಮನೆ ಹೆಂಗಸರನ್ನ ಕೇಳಿ. ನಿಮಗಾದ್ರೆ ಹೇಳ್ತಾರೆ” ಎಂದರು ಒಂದು ದಿನ ನನಗೆ.

ಪರಿಚಯವಿಲ್ಲದವರನ್ನು ಕೇಳಲು ನನಗೆ ಸಂಕೋಚ. ಆದರೂ ಹೊರಗೆ ಬೆಂಚಿನ ಮೇಲಿದ್ದ ಒಬ್ಬಾಕೆಯ ಪಕ್ಕ ಕುಳಿತು, “ನಿಮ್ಮನೇಲಿ ಉಪವಾಸ ಮಾಡ್ತಾರಾ?” ಎಂದೆ.

“ಶನಿವಾರ ಶನಿವಾರ ಒಪ್ಪೊತ್ತು” ಎಂದು ಆಕೆ ಪಿಸುಗುಟ್ಟಿದರು. “ಡಾಕ್ಟ್ರಿಗೆ ಹೇಳ್ಬೇಡಿ.”

ಆಕೆಯ ಕೈಹಿಡಿದು ನಮ್ಮ ಮನೆಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಆಮೇಲೆ ಇಬ್ಬರೂ ಒಟ್ಟಿಗೆ ಡಾಕ್ಟರ ಬಳಿ ಹೋದೆವು. ಹಾಗೆ ಎಷ್ಟೋ ವರ್ಷ, ಎಷ್ಟೋ ಹೆಂಗಸರ ಪಕ್ಕದಲ್ಲಿ ಕುಳಿತೆ.

ಈ ಕಾಯಿಲೆ ನಮ್ಮ ವಂಶದಲ್ಲಿದೆ. ನಿಮ್ಮಲ್ಲಿ ಯಾರಿಗಾದರೂ ಬಂದರೆ, ನಿಮ್ಮನ್ನು ನೋಡಿಕೊಳ್ಳುವವರಿಗೆ ಇದನ್ನು ಓದಿ ಹೇಳಿ. ಬರದೇ ಇರಲಿ. ಆದರೂ ಈ ಹಾಳೆಗಳು ಹರಿಯದಂತೆ ನೋಡಿಕೊಳ್ಳಿ.