ತಿದ್ದುಪಡಿಯ ಜೊತೆ ಹೋದ ಪರೀಕ್ಷೆ

ಬಳಗದವರೆಲ್ಲ ಅವಳನ್ನು ಬೀಗದಕ್ಕ ಎನ್ನುತ್ತಿದ್ದರು. ಕಂಪ್ಯೂಟರುಗಳು ಒಂದಕ್ಕೊಂದು ಗುಟ್ಟಾಗಿ ಮಾತಾಡಲು ಬೇಕಾದ, ಬೀಗದಂಥ ಸಾಫ್ಟ್‌ವೇರನ್ನು ಅಡುಗೆಮನೆಯ ಮೇಜಿನ ಮುಂದೆ ಕೂತು ನೋಡಿಕೊಳ್ಳುವವಳು. ಬ್ಯಾಂಕು, ಆಸ್ಪತ್ರೆ ಎಲ್ಲರೂ ಅದನ್ನು ಪುಕ್ಕಟೆ ಬಳಸುತ್ತಾರೆ. ಕೆಟ್ಟಾಗ ಮಾತ್ರ ಇವಳ ನೆನಪು.

ಹೋದ ವಾರ ಅದರಲ್ಲೊಂದು ಹುಳುಕು ಸಿಕ್ಕಿತ್ತು. ಯಂತ್ರಗಳು ಪರಸ್ಪರ ತೋರಿಸಿಕೊಳ್ಳುವ ಗುರುತಿನ ಚೀಟಿಯನ್ನು ಯಾರಾದರೂ ಬೇಕೆಂದೇ ತಿರುಚಿ ಕಳಿಸಿದರೆ ಸಾಕು, ಯಂತ್ರ ಮುಗಿಯದ ಲೆಕ್ಕಕ್ಕೆ ಸಿಕ್ಕಿಕೊಂಡು ಗರಬಡಿದಂತೆ ನಿಂತುಬಿಡುತ್ತದೆ. ಗುಟ್ಟೇನೂ ಸೋರುವುದಿಲ್ಲ, ಆದರೆ ಕೆಲಸವೂ ನಡೆಯುವುದಿಲ್ಲ. ಕಿಡಿಗೇಡಿಗಳಿಗೆ ಸುಳಿವು ಸಿಗದಿರಲೆಂದು, ತಿದ್ದುಪಡಿ ಹೊರಬೀಳುವವರೆಗೆ ತುಟಿ ಪಿಟಕ್ಕೆನ್ನಬಾರದು ಎಂಬುದು ಈ ಕಸುಬಿನ ಕಟ್ಟುಪಾಡು. ತಂಗಿ ನರ್ಸ್, ಅವಳ ವಾರ್ಡಿನ ಕಂಪ್ಯೂಟರ್ ಪರದೆಗಳ ಹಿಂದೆ ಇದೇ ಬೀಗ. ಮೊನ್ನೆಯಿಂದ ಆ ವಾರ್ಡಿನಲ್ಲಿ ಅಮ್ಮ ಮಲಗಿದ್ದಳು. ಬೀಗದಕ್ಕ ಆಗಲೂ ಬಾಯಿಬಿಡಲಿಲ್ಲ.

ತಿದ್ದುಪಡಿಯ ಬಿಡುಗಡೆ ನಾಳೆಗೆ ಎಂದಾಗಿತ್ತು. ಮಧ್ಯಾಹ್ನ ಜೊತೆಗಾರ ಕನ್ನಡಕದವನ ಫೋನ್ ಬಂತು.

“ಅಕ್ಕಾ, ಎಡವಟ್ಟಾಯ್ತು. ತಿದ್ದಿದ್ದನ್ನ ಎಲ್ರೂ ನೋಡೋ ಜಾಗಕ್ಕೆ ಹಾಕ್ಬಿಟ್ಟೆ.”

“ತಿದ್ದಿದ್ದು ಮಾತ್ರ ತಾನೇ?”

“ಪರೀಕ್ಷೆನೂ ಹಾಕಿದೀನಿ. ಪರೀಕ್ಷೆ ಇಲ್ದೆ ತಿದ್ದುಪಡಿ ತರ್ಬೇಡ ಅಂತ ನೀವೇ ಬೈತಿದ್ರಲ್ಲ?”

ತಿದ್ದಿದ್ದು ಸರಿಹೋಯಿತೇ ಎಂದು ನೋಡುವ ಪರೀಕ್ಷೆ ಎಂದರೆ ಆ ತಿರುಚಿದ ಚೀಟಿಯೇ. ಕಿಡಿಗೇಡಿಗಳಿಗೆ ಎಲೆ ಹಾಕಿ ಬಡಿಸಿದಂತಾಯಿತು. ಪಾಠ ಹೇಳಿದವಳೇ ಇವಳು, ಇನ್ನು ಬೈಯುವುದಾದರೂ ಯಾರನ್ನು?

“ಅಳಿಸ್ಬಿಡ್ಲಾ?”

“ನೋಡೋರು ಆಗ್ಲೇ ನೋಡಿರ್ತಾರೆ. ಈಗ್ಲೇ ಬಿಡುಗಡೆ ಮಾಡೋಣ.”

ತಿದ್ದುಪಡಿಯನ್ನು ಬೇರೆ ಬೇರೆ ಯಂತ್ರಗಳಲ್ಲಿ ಓಡಿಸಿ ನೋಡುವಷ್ಟರಲ್ಲಿ ಜೀವ ಬಾಯಿಗೆ ಬಂತು. ಒಲೆಯ ಮೇಲೆ ಹಾಲು ಉಕ್ಕಿ ಸೀಯುತ್ತಿದ್ದರೂ ಏಳಲಿಲ್ಲ. ಅವಸರಕ್ಕೆ ಪಾಸ್‌ವರ್ಡ್ ಮತ್ತೆ ಮತ್ತೆ ತಪ್ಪಿತು. ಅಂತೂ ತಿದ್ದುಪಡಿ ಹೊರಬಿತ್ತು. ತಕ್ಷಣ ತಂಗಿಗೆ ಫೋನ್ ಮಾಡಿದಳು.

“ನಿಮ್ಮ ಕಂಪ್ಯೂಟರ್ ನೋಡ್ಕೊಳ್ಳೋರಿಗೆ ಹೇಳು, ಹೊಸ ಅಪ್‌ಡೇಟ್ ಈಗ್ಲೇ ಹಾಕ್ಲಿ. ಇಲ್ದಿದ್ರೆ ಪರದೆಗಳು ನಿಂತ್ಹೋಗ್ಬಹುದು.”

“ನಿಂತು ಎಷ್ಟೊತ್ತಾಯ್ತು! ಅಮ್ಮಂಗೆ ಎಷ್ಟು ಔಷಧಿ ಕೊಡ್ಬೇಕು ಅಂತ ಕಾಣ್ದೆ ಒದ್ದಾಡ್ಬಿಟ್ಟೆ. ಡಾಕ್ಟ್ರನ್ನ ಹುಡುಕಿ ಕರ್ಕೊಂಡ್ಬಂದೆ. ಈಗ ಪರವಾಗಿಲ್ಲ.” ತಂಗಿ ಕೇಳಿದಳು, “ನಿಂಗೆ ಇದು ಯಾವಾಗ ಗೊತ್ತಾಯ್ತು?”

ಸುಳ್ಳು ಹೇಳಬಹುದಿತ್ತು. ನಾಲಿಗೆ ಹೊರಳಲಿಲ್ಲ.

“ಹೋದ ವಾರ.”

ಆ ಕಡೆ ಯಾರೋ ತಳ್ಳುಗಾಡಿ ದೂಡಿಕೊಂಡು ಹೋದ ಸದ್ದು ಕೇಳಿಸಿತು.

“ಅಮ್ಮನ್ನ ಇಲ್ಲಿ ಸೇರ್ಸಿದ್ದು ಮೊನ್ನೆ, ಅಕ್ಕಾ. ನೀನೇ ಕೈ ಹಿಡ್ಕೊಂಡು ಕರ್ಕೊಂಡ್ಬಂದಿದ್ದು.”